ಮುನ್ನೂರ ಎಂಬತ್ತನಾಲ್ಕು

ದೆಹಲಿ ಮೆಟ್ರೋದ ಹಳದಿ ಲೈನಿನಲ್ಲಿ, ವಿಶ್ವವಿದ್ಯಾಲಯ ನಿಲ್ದಾಣದಲ್ಲಿ ಹತ್ತಿ ಹೌಜ್ ಖಾಸ್‌ನಲ್ಲಿ ಇಳಿಯುವವರ ನಡುವೆ ಅವನನ್ನು ಪತ್ತೆಹಚ್ಚುವುದು ಕಷ್ಟವೇನಲ್ಲ. ಹೆಗಲಲ್ಲಿ ಸೆಣಬಿನ ಚೀಲ, ಅದರ ಮೇಲೆ ‘ಹತ್ತು ದಿನಗಳ ಸಂಶೋಧನಾ ವಿಧಾನ ಕಾರ್ಯಾಗಾರ’ ಎಂದು ಇಂಗ್ಲಿಷು, ಹಿಂದಿ ಎರಡರಲ್ಲೂ ಅಚ್ಚು. ಒಳಗೆ ಇನ್ನೊಂದು ಕಾರ್ಯಾಗಾರದ ನೋಟ್‌ಪ್ಯಾಡು, ಮತ್ತೊಂದರ ಪೆನ್ನು, ಮಗದೊಂದರ ನೀರಿನ ಬಾಟಲಿ. ವಯಸ್ಸು ಮೂವತ್ತು ದಾಟಿದೆ. ಪಿಎಚ್‌ಡಿ ಎಲ್ಲಿಗೆ ಬಂತು ಎಂದು ಮಾತ್ರ ಕೇಳಬಾರದು. ಕೇಳಿದರೆ “ಟೂಲ್ ಫೈನಲ್ ಆಗಾಕತ್ತೈತ್ರಿ” ಎನ್ನುತ್ತಾನೆ. ಟೂಲ್ ಅಂದರೆ ಪ್ರಶ್ನಾವಳಿ. ಅದು ಫೈನಲ್ ಆಗುತ್ತಿರುವುದು ಕೋವಿಡ್‌ಗಿಂತ ಮುಂಚಿನಿಂದ.

ಊರು ಹಾವೇರಿ ಕಡೆ. ಹೆಸರು ಬೇಡ, ಏಕೆಂದರೆ ಮುನಿರ್ಕಾ, ಬೇರ್ ಸರಾಯ್, ಕಟ್ವಾರಿಯಾ ಸರಾಯ್‌ಗಳ ಒಂದೊಂದು ಗಲ್ಲಿಯಲ್ಲೂ ಇಂಥವನೊಬ್ಬ ಇದ್ದಾನೆ. ಅಲ್ಲಿನ ಕನ್ನಡ ಹುಡುಗರು ಇವನನ್ನು ಕರೆಯುವುದು ‘ಮುನ್ನೂರ ಎಂಬತ್ತನಾಲ್ಕು’ ಎಂದು.

ಕಾರಣ ಹೇಳುತ್ತೇನೆ. ಒಂದು ಊರಿನ ಬಗ್ಗೆ ತಿಳಿಯಲು ಎಷ್ಟು ಜನರನ್ನು ಮಾತಾಡಿಸಬೇಕು? ಕ್ರೆಜ್ಸಿ ಮತ್ತು ಮಾರ್ಗನ್ ಎಂಬಿಬ್ಬರು 1970ರಲ್ಲಿ ಒಂದು ಕೋಷ್ಟಕ ಪ್ರಕಟಿಸಿದರು. ನೂರು ಜನರಿರುವಲ್ಲಿ 80 ಮಂದಿ, ಹತ್ತು ಸಾವಿರವಿದ್ದರೆ 370, ಹತ್ತು ಲಕ್ಷವಿದ್ದರೆ 384. ಅಲ್ಲಿಂದ ಮುಂದೆ ಜನಸಂಖ್ಯೆ ಎಷ್ಟೇ ಬೆಳೆದರೂ ಈ ಅಂಕಿ ಹೆಚ್ಚುಕಡಿಮೆ ಕದಲುವುದಿಲ್ಲ. 1.96ರ ವರ್ಗವನ್ನು 0.25ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ ಬರುವುದು 384.16. ಉಳಿದ 0.16 ಮನುಷ್ಯನನ್ನು ಏನು ಮಾಡಬೇಕೆಂದು ನಮ್ಮವನು ಒಂದು ಕಾರ್ಯಾಗಾರದಲ್ಲಿ ಎದ್ದು ನಿಂತು ಕೇಳಿದ್ದನಂತೆ. ಸಂಪನ್ಮೂಲ ವ್ಯಕ್ತಿಗಳು ಊಟದ ವಿರಾಮ ಘೋಷಿಸಿದರಂತೆ.

ಚೀಟಿ ಎತ್ತಿದ ಹಾಗೆ, ಎಲ್ಲರಿಗೂ ಸಮಾನ ಅವಕಾಶವಿರುವಂತೆ ಆರಿಸಿದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಗೂಗಲ್ ಫಾರಮ್ಮನ್ನು ವಾಟ್ಸ್ಯಾಪ್ ಗುಂಪುಗಳಿಗೆ ದೂಡಿ, ಭಾವಮೈದುನನ ಕೈಯಲ್ಲಿ ನಾಲ್ಕು ಸಲ ತುಂಬಿಸಿ, 384 ಆದ ಕೂಡಲೇ ಬಾಗಿಲು ಹಾಕಿದರೆ ನಿಲ್ಲುವುದಿಲ್ಲ. ಇದು ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿರುವುದೇ ತೊಂದರೆ. ಗೊತ್ತಿಲ್ಲದವರೆಲ್ಲ ಥೀಸಿಸ್ ಸಲ್ಲಿಸಿ, ಶೋಧಗಂಗೆಯೆಂಬ ಜಾಲತಾಣದಲ್ಲಿ ತೇಲಿಬಿಟ್ಟು, ಊರಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದಾರೆ.

ಯುಜಿಸಿ 2009ರಲ್ಲಿ ಪಿಎಚ್‌ಡಿಗೆ ಕೋರ್ಸ್‌ವರ್ಕ್ ಕಡ್ಡಾಯ ಮಾಡಿತು. ಅದರಲ್ಲಿ ಸಂಶೋಧನಾ ವಿಧಾನವೂ ಒಂದು. ಎಲ್ಲರೂ ಅದನ್ನು ದಡ ಸೇರಲು ಹತ್ತುವ ದೋಣಿ ಎಂದುಕೊಂಡರು. ಇವನು ದೋಣಿಯಲ್ಲೇ ಮನೆ ಮಾಡಿದ. ಕೋರ್ಸ್‌ವರ್ಕ್ ಮುಗಿದ ಮೇಲೆ ಹತ್ತು ದಿನದ ಕೋರ್ಸು, ಅದಾದ ಮೇಲೆ ಎಸ್‌ಪಿಎಸ್‌ಎಸ್ ತರಬೇತಿ, ಅದು ಹಳತಾಯಿತೆಂದು ‘ಆರ್’, ನಡುವೆ ಒಂದು ವಾರಾಂತ್ಯ ನೊಯ್ಡಾದಲ್ಲಿ ಸ್ಟ್ರಕ್ಚರಲ್ ಈಕ್ವೇಷನ್.

ಕಾರ್ಯಾಗಾರಗಳ ವಿಧಿವಿಧಾನ ಅವನಿಗೆ ಪುರೋಹಿತರಷ್ಟೇ ಕಂಠಪಾಠ. ಮೊದಲ ದಿನ ದೀಪ, ಹಾರ, ಶಾಲು. ಉದ್ಘಾಟಕರು ‘ಎರಡು ಮಾತು’ ಎಂದು ಶುರುಮಾಡಿ ಮೊದಲ ತರಗತಿಯನ್ನು ನುಂಗುತ್ತಾರೆ. ಎರಡನೆಯ ದಿನ ಊಹಾಸಿದ್ಧಾಂತ ಎಂದರೇನು. ನಾಲ್ಕನೆಯ ದಿನ ಲ್ಯಾಬಿನಲ್ಲಿ ಲೈಸೆನ್ಸು ಮುಗಿದಿದೆ ಎಂದು ಕಂಪ್ಯೂಟರೇ ಕೈಚೆಲ್ಲುತ್ತದೆ, ಆಗ ಹಿಂದಿನ ಬೆಂಚಿನಿಂದ ಒಂದು ಪೆನ್‌ಡ್ರೈವ್ ಮುಂದಕ್ಕೆ ಬರುತ್ತದೆ. ಅದು ಯಾರದ್ದೆಂದು ಯಾರೂ ಕೇಳುವುದಿಲ್ಲ. ಅಂದು ಬೆಳಿಗ್ಗೆಯಷ್ಟೇ ಸಂಶೋಧನಾ ನೈತಿಕತೆಯ ಪಾಠ ಆಗಿರುತ್ತದೆ. ಕೊನೆಯ ದಿನ ಗ್ರೂಪ್ ಫೋಟೋ, ಸರ್ಟಿಫಿಕೇಟು, ಫೀಡ್‌ಬ್ಯಾಕ್ ಫಾರಂ. ಯೋಚಿಸದೆ ಒಂದೇ ಕಾಲಮ್ಮಿಗೆ ಟಿಕ್ ಹಾಕುತ್ತ ಹೋಗುವ ಜನರಿಂದ ಮಾಹಿತಿ ಹೇಗೆ ಕೆಡುತ್ತದೆಂದು ಹತ್ತು ದಿನ ಕೇಳಿದವರೆಲ್ಲ, ರೈಲಿಗೆ ಹೊತ್ತಾಯಿತೆಂದು, ಮೇಲಿಂದ ಕೆಳಗಿನವರೆಗೆ ಐದಕ್ಕೇ ಟಿಕ್ ಹಾಕಿ ಏಳುತ್ತಾರೆ.

ಕಟ್ವಾರಿಯಾ ಸರಾಯ್‌ನ ಅವನ ಕೋಣೆಗೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ದೆಹಲಿ ಕೇಂದ್ರ ನಡೆದು ಹೋಗುವ ದೂರ. ಬಾಡಿಗೆ ಜಾಸ್ತಿಯಾದರೂ ಕೋಣೆ ಬಿಡದಿರಲು ಅದೂ ಒಂದು ಕಾರಣ. ಜೂನ್ 29, ಆ ಸಂಸ್ಥೆ ಕಟ್ಟಿದ ಮಹಲನೋಬಿಸ್ ಹುಟ್ಟಿದ ದಿನ. 2007ರಿಂದ ಅದು ಸಂಖ್ಯಾಶಾಸ್ತ್ರ ದಿನ. ಅವತ್ತು ಓಣಿಯ ಕನ್ನಡಿಗರಿಗೆಲ್ಲ ಲಾಡು. ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಎಂಬುದನ್ನು ಲಾಡಿನ ಜೊತೆಗೇ ಕೊಡುತ್ತಾನೆ. ಅವರ ಮನೆಮಾತು ತೆಲುಗು ಅಲ್ಲವೇ ಎಂದು ಯಾರಾದರೂ ತಗಾದೆ ತೆಗೆದರೆ “ಹುಟ್ಟಿದ ನೆಲ ನಾಮಿನಲ್ ವೇರಿಯಬಲ್‌ರೀ, ಅದರಾಗ ಹೆಚ್ಚುಕಮ್ಮಿ ಇಲ್ಲ” ಎಂದು ಬಾಯಿ ಮುಚ್ಚಿಸುತ್ತಾನೆ.

ಈ ಹೆಮ್ಮೆ ಪೂರ್ತಿ ಪೊಳ್ಳಲ್ಲ. ದೆಹಲಿಯ ಸಮಾಜವಿಜ್ಞಾನದ ಅಡಿಪಾಯದಲ್ಲಿ ಕರ್ನಾಟಕದ ಕಲ್ಲುಗಳು ಬೇಕಷ್ಟಿವೆ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಅನ್ನು 1949ರಲ್ಲಿ ಕಟ್ಟಿದ ವಿ. ಕೆ. ಆರ್. ವಿ. ರಾವ್ ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಬಂದವರು. 1969ರಲ್ಲಿ ಹುಟ್ಟಿದ ಸಮಾಜವಿಜ್ಞಾನ ಸಂಶೋಧನಾ ಮಂಡಳಿ ಐಸಿಎಸ್‌ಎಸ್‌ಆರ್ ಹಿಂದೆಯೂ ಅವರ ಸಮಿತಿಯ ಶಿಫಾರಸಿತ್ತು. ಅದೇ ಸ್ಕೂಲಿನಲ್ಲಿ 1959ರಲ್ಲಿ ಸಮಾಜಶಾಸ್ತ್ರ ವಿಭಾಗ ಶುರುಮಾಡಿದವರು ಮೈಸೂರಿನ ಎಂ. ಎನ್. ಶ್ರೀನಿವಾಸ್.

ಶ್ರೀನಿವಾಸ್ ವಿಷಯದಲ್ಲಿ ಮಾತ್ರ 384ಕ್ಕೆ ಸಣ್ಣ ಅಸಮಾಧಾನ. ಅವರು ಮೈಸೂರಿನ ಬಳಿಯ ಒಂದೇ ಒಂದು ಹಳ್ಳಿಯಲ್ಲಿ ಕೂತು, ಜನರೊಡನೆ ಬೆರೆತು, ನೋಡಿ ಬರೆದವರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ವರ್ಷಗಟ್ಟಲೆ ತಿದ್ದಿ ಸಿದ್ಧಪಡಿಸಿದ್ದ ಟಿಪ್ಪಣಿಗಳು ಬೂದಿಯಾದವು. ಹೆಚ್ಚಾಗಿ ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಈ ಕಥೆ ಕೇಳಿದಾಗ ಎಲ್ಲರ ಕಣ್ಣೂ ತೇವವಾಗುತ್ತದೆ. ನಮ್ಮವನು ಕೇಳಿದ್ದು ಎರಡೇ ಪ್ರಶ್ನೆ: “ಎನ್ ಎಷ್ಟ್ರೀ? ಬ್ಯಾಕಪ್ ಇರಲಿಲ್ಲೇನ್ರೀ?”

ಅವನದೇ ವಿಷಯ ‘ದೆಹಲಿ ಮಹಾನಗರ ವಲಯದ ಕನ್ನಡಿಗರ ಸಾಮಾಜಿಕ ಹೊಂದಾಣಿಕೆ’. ಪ್ರಶ್ನಾವಳಿಯ ಪೂರ್ವಪರೀಕ್ಷೆಗೆಂದು ಮಯೂರ್ ವಿಹಾರ್‌ನ ಒಂದು ಮನೆಗೆ ನನ್ನನ್ನೂ ಎಳೆದುಕೊಂಡು ಹೋಗಿದ್ದ. ಮೈಸೂರು ಕಡೆಯ ಹಿರಿಯ ಹೆಂಗಸು, ಗಂಡ ಕೇಂದ್ರ ಸರ್ಕಾರದಲ್ಲಿದ್ದವರು. ಕಾಫಿ, ಕೋಡುಬಳೆ ಬಂತು. ಅವನು ಹನ್ನೊಂದನೆಯ ಹೇಳಿಕೆ ಓದಿದ: “ನೆರೆಹೊರೆಯವರೊಡನೆ ನನಗೆ ಆತ್ಮೀಯ ಸಂಬಂಧವಿದೆ. ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸುತರಾಂ ಒಪ್ಪುವುದಿಲ್ಲ.”

“ಯಾವ ನೆರೆಹೊರೆಯಪ್ಪಾ? ಮೇಲಿನ ಮನೆ ಪಂಜಾಬಿಯವಳಾ? ನಂಗೆ ಆಪರೇಷನ್ ಆದಾಗ ಹದಿನೈದು ದಿವಸ ಎರಡು ಹೊತ್ತೂ ರೊಟ್ಟಿ ಮಾಡಿ ಕಳಿಸಿದ್ಲು. ಹೊಟ್ಟೆಲಿ ಹುಟ್ಟಿದವರೂ ಹಾಗೆ ಮಾಡಲ್ಲ. ಆದರೆ ನಮ್ಮ ಟ್ಯಾಂಕಿನ ನೀರು ಕದೀತಾಳೆ.”

“ಅಂದ್ರ ಒಪ್ತೀರೋ ಇಲ್ಲೋ ಅಮ್ಮಾರ?”

“ರೊಟ್ಟಿಗೆ ಒಪ್ತೀನಿ. ನೀರಿಗೆ ಒಪ್ಪಲ್ಲ. ಅದಿರಲಿ, ನಿಂಗೆ ಮದುವೆ ಆಗಿದೆಯಾ?”

ಅವನು ಕಣ್ಣುಮುಚ್ಚಿ ಐದಕ್ಕೆ ಒಂದು ಕೂಡಿಸಿ, ಎರಡರಿಂದ ಭಾಗಿಸಿ, ಮೂರಕ್ಕೆ ಟಿಕ್ ಹಾಕಿದ. ತಟಸ್ಥ. ಆ ಹೆಂಗಸು ಬದುಕಿನಲ್ಲಿ ಯಾವ ವಿಷಯದಲ್ಲೂ ತಟಸ್ಥರಾಗಿದ್ದವರಂತೆ ನನಗೆ ಕಾಣಲಿಲ್ಲ. ವಾರದ ನಂತರ ವಿಚಾರಿಸಿದಾಗ ಹನ್ನೊಂದನೆಯ ಹೇಳಿಕೆಯನ್ನೇ ಕಿತ್ತುಹಾಕಿದೆ ಎಂದ. ಅದು ಇದ್ದರೆ ಕ್ರಾನ್‌ಬ್ಯಾಕ್ ಆಲ್ಫಾ 0.7 ದಾಟುವುದಿಲ್ಲವಂತೆ. ಪ್ರಶ್ನೆಗಳೆಲ್ಲ ಒಂದೇ ದಿಕ್ಕಿಗೆ ಎಳೆಯುತ್ತಿವೆಯೇ ಎಂದು ನೋಡುವ ಅಳತೆ ಅದು. ರೊಟ್ಟಿ ಒಂದು ಕಡೆ, ನೀರು ಇನ್ನೊಂದು ಕಡೆ ಎಳೆದವು. ಇಬ್ಬರನ್ನೂ ಹೊರಗೆ ಹಾಕಿದ ಮೇಲೆ ಪ್ರಶ್ನಾವಳಿ ತೆಪ್ಪಗಾಯಿತು.

ಅವನಿಂದ ಉಪಯೋಗವಿಲ್ಲ ಅಂದುಕೊಳ್ಳಬೇಡಿ. ರಾತ್ರಿ ಒಂಬತ್ತರ ಮೇಲೆ ಕರ್ನಾಟಕದ ಅರ್ಧ ಡಜನ್ ವಿಶ್ವವಿದ್ಯಾಲಯಗಳಿಂದ ಅವನಿಗೆ ಫೋನು. ಬೆಟ್ಟದಂಥ ಡೇಟಾ ಮುಂದಿಟ್ಟುಕೊಂಡು ಗೈಡ್ ಕೈಗೆ ಸಿಗದೆ ಕೂತ ಹುಡುಗರಿಗೆ, ಒಂದು ಪೈಸೆ ಮುಟ್ಟದೆ, ಯಾವ ಟೆಸ್ಟು ಎಲ್ಲಿ ಹಾಕಬೇಕೆಂದು ತಾಳ್ಮೆಯಿಂದ ಹೇಳಿಕೊಡುತ್ತಾನೆ. ಇವನು ದಡ ಸೇರಿಸಿದ ಥೀಸಿಸ್‌ಗಳು ಒಂದು ಕಪಾಟು ತುಂಬುತ್ತವೆ.

“ಸರ, ಪಿ ಭಾಳ ಬಂದೈತ್ರಿ.”

“ಎಷ್ಟು ಬಂದೈತಿ?”

“ಪಾಯಿಂಟ್ ಜೀರೋ ಆರ್ ರೀ. ಹಂಗ ಅಡ್ಜಸ್ಟ್ ಮಾಡ್ಲಿ?”

“ಅಡ್ಜಸ್ಟ್ ಮಾಡಿದ್ರ ನನಗ ಫೋನ್ ಮಾಡಬ್ಯಾಡ. ಪಾಯಿಂಟ್ ಜೀರೋ ಐದು ಅಂದ್ರ ಐದು. ಒಂದ ಕೂದಲ ದಾಟಿದ್ರೂ ಇಲ್ಲ ಅಂತನ ಬರಿ.”

ಪಿಗೆ ಈ 0.05ರ ಗೆರೆ ಹಾಕಿದ್ದು ರೊನಾಲ್ಡ್ ಫಿಷರ್, 1925ರ ಪುಸ್ತಕದಲ್ಲಿ. ಇಪ್ಪತ್ತರಲ್ಲಿ ಒಂದು ಸಲ ಆಕಸ್ಮಿಕವಾಗಿ ಆಗಬಹುದಾದದ್ದನ್ನು ಗಡಿಯೆಂದು ಇಟ್ಟುಕೊಳ್ಳುವುದು ಅನುಕೂಲ ಎಂದಷ್ಟೇ ಅವರು ಹೇಳಿದ್ದು. ಅನುಕೂಲ ಆಮೇಲೆ ಆಚಾರವಾಯಿತು. 2016ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ, ಪಿ ಒಂದು ಗೆರೆ ದಾಟಿತೋ ಇಲ್ಲವೋ ಎಂಬುದರ ಮೇಲೆ ಮಾತ್ರ ತೀರ್ಮಾನಕ್ಕೆ ಬರಬೇಡಿ ಎಂದು ಹೇಳಿಕೆ ಕೊಟ್ಟಿತು. ಅದನ್ನು ಓದಿ ಅವನು ಊಟ ಬಿಟ್ಟನೆಂದೂ, ನಾಲ್ಕು ದಿನಕ್ಕೆ ಚೇತರಿಸಿಕೊಂಡು ‘ಅದು ಅಮೆರಿಕಾಕ್ಕ’ ಎಂದನೆಂದೂ ಪ್ರತೀತಿ.

ಹೋದ ಚಳಿಗಾಲದಲ್ಲಿ ಊರಿನಿಂದ ಒಂದು ಸಂಬಂಧ ಬಂತು. ಹುಡುಗಿ ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಫೋಟೋ ನೋಡಿ ಇವನಿಗೆ ರಾತ್ರಿ ನಿದ್ದೆಯಿಲ್ಲ. ಆದರೆ ಸಾಲಾವಳಿಯಲ್ಲಿ ಮೂವತ್ತಾರಕ್ಕೆ ಹದಿನೇಳು ಗುಣ ಕೂಡಿದ್ದವು. ಹದಿನೆಂಟು ಬೇಕು. ಅವ್ವ ಒಪ್ಪಲಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ನನ್ನನ್ನು ಸಾಕ್ಷಿಗೆ ಕೂರಿಸಿಕೊಂಡ.

“ಯವ್ವಾ, ಹದಿನೇಳಕ್ಕೂ ಹದಿನೆಂಟಕ್ಕೂ ಏನ್ ಫರಕ್ ಐತಿ? ಅದನ್ನ ಯಾರ್ ಇಟ್ರು?”

“ನಿಂದು ಪಾಯಿಂಟ್ ಜೀರೋ ಐದು ಯಾರ್ ಇಟ್ಟಾರು? ದೀಪಾವಳಿಗೆ ಬಂದಾಗ ಯಾವುದೋ ಹುಡುಗಗ ಒಂದ ಕೂದಲ ದಾಟಬಾರದು ಅಂತ ಬೈತಿದ್ದಿ.”

“ಅದು ಫಿಷರ್ ಅಂತ, ಇಂಗ್ಲೆಂಡಿನಾಂವ ಇಟ್ಟಿದ್ದು. 1925ರಾಗ.”

“ನಮ್ಮದು ಅದಕಿಂತ ಹಳೇದೈತಿ,” ಎಂದು ಅವ್ವ ಫೋನಿಟ್ಟಳು.

ಒಬ್ಬರೇ ಜೋಯಿಸರನ್ನು ಕೇಳಿದ್ದು ಸ್ಯಾಂಪಲ್ ಸಾಲದಾಯಿತು ಎಂದು ಅವನು ತೀರ್ಮಾನಿಸಿದ. ಜಾತಕಗಳು ವಾಟ್ಸ್ಯಾಪಿನಲ್ಲಿ ಊರೂರಿಗೆ ಹೊರಟವು. ಹುಬ್ಬಳ್ಳಿಯವರು ಹದಿನಾರು ಅಂದರು, ಗದಗಿನವರು ಮತ್ತೆ ಹದಿನೇಳು. ಉಡುಪಿಯವರು ಇಬ್ಬರ ಹುಟ್ಟಿದ ವೇಳೆಯನ್ನೇ ಅನುಮಾನಿಸಿದರು. ಶಿರಸಿಯ ಒಬ್ಬರು ಹದಿನೆಂಟೂವರೆ ಅಂದರು. ಮದುವೆ ಮೇ ತಿಂಗಳಲ್ಲಿ. ಅವ್ವನಿಗೆ ಅವನು ರಿಪೋರ್ಟ್ ಮಾಡಿದ್ದು ಶಿರಸಿಯದನ್ನು ಮಾತ್ರ.