ಕೊನೇ ಎಲೆಯ ಮಾವ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿ ಅಂದರೆ ಹೊರಗಿನವರಿಗೆ ಎಸ್.ಎಂ. ಕೃಷ್ಣ ಅವರ ಊರು. ಅವರು ಆಡಿದ್ದು ಟೆನಿಸ್ಸು. ಮಿಕ್ಕ ನಾವೆಲ್ಲ ಇಸ್ಪೀಟಿನವರು. ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಒಲೆ ಮೇಲೆ ಗುಡ್ಡೆ ಬಾಡು ಬೇಯುವ ಹೊತ್ತಲ್ಲಿ ತೆಂಗಿನ ತೋಟದ ನೆರಳಿಗೆ ಕಂಬಳಿ ಹಾಸಿಬಿಡುತ್ತೇವೆ.

ಕಂಬಳಿಯ ಒಂದು ಮೂಲೆ ನಮ್ಮ ಮಾವನಿಗೆ ಮೀಸಲು. ಇಂಥವರು ನಿಮ್ಮೂರಲ್ಲೂ ಇರುತ್ತಾರೆ: ಆಟ ಪೂರ್ತಿ ತೂಕಡಿಸಿ ಕೊನೇ ಸುತ್ತಿಗೆ ಎಚ್ಚರಾಗುವ ತಳಿ. ಮದುವೆಯಲ್ಲಿ ಮುಯ್ಯಿ ಬರೆಯುವವನು ಪುಸ್ತಕ ಮಡಚುವಾಗ ಇವರ ಕೈ ಜೇಬಿಗೆ ಹೋಗುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ವ್ಯಾಪಾರಿ ಬೇರೆಯವರ ಕಾಯಿ ತುಂಬಿಸಿಕೊಂಡು ಲಾರಿ ಹತ್ತಿದ ಮೇಲೆ ಇವರು ರೇಟು ಕೂಗುತ್ತಾರೆ. 2019ರ ಲೋಕಸಭೆ ಚುನಾವಣೆಯಲ್ಲಿ ಸುಮಲತಾನೋ ನಿಖಿಲೋ ಅಂತ ಜಿಲ್ಲೆಗೆ ಜಿಲ್ಲೆಯೇ ಬಾಜಿ ಕಟ್ಟುತ್ತಿದ್ದಾಗ ಬಾಯಿ ಬಿಡದಿದ್ದ ಮನುಷ್ಯ, ಎಣಿಕೆಯ ಹಿಂದಿನ ರಾತ್ರಿ ಎದ್ದು ಒಂದು ಟಗರು ಒಡ್ಡಿದರು. ಟಗರು ಯಾರದೆಂದು ಕೇಳಬೇಡಿ. ನಮ್ಮದು.

ಈ ಸಲ ಬೆಂಗಳೂರಿಂದ ನನ್ನ ತಮ್ಮ ಬಂದಿದ್ದ. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟುವ ಆನ್‌ಲೈನ್ ಆಟಗಳಿಗೆ ನಿಷೇಧ ಹಾಕಿದ ಮೇಲೆ ಅವನ ಫೋನಿನ ಪೋಕರು ನಿಂತು, ವಿದ್ಯೆ ಊರಿನ ಕಡೆ ಹರಿಯಿತು. 1963ರ ಪೊಲೀಸ್ ಕಾಯ್ದೆ ನೆನೆದು ದುಡ್ಡಿನ ಬದಲು ಹುಣಸೆ ಬೀಜ ಇಟ್ಟೆವು.

“ಒಬ್ಬೊಬ್ರಿಗೆ ಎರಡೆಲೆ ಮುಚ್ಚಿ. ನಡುವೆ ಮೊದಲು ಮೂರು, ಆಮೇಲೊಂದು, ಕೊನೆಗೊಂದು ಬಿಚ್ಚಿ. ಕೊನೇದಕ್ಕೆ ರಿವರ್ ಅಂತಾರೆ, ಮಾವ.”

“ರಿವರ್ ಅಂದ್ರೆ? ನಮ್ ಶಿಂಷಾನೇನ್ಲಾ?”

“ಯಾವ್ದೋ ಒಂದು, ಬುಡಿ.”

ಹಿಂದಿನ ಸುತ್ತಿನಲ್ಲಿ ಪಣ ಏರಿಸಿದವನಿಗೇ ಮುಂದಿನ ಸುತ್ತಿನಲ್ಲೂ ದಾರಿ ಬಿಡುವುದು ಪೋಕರಿನ ವಾಡಿಕೆ. ಅವನು ಹಾಕಿದಷ್ಟು ಹಾಕುತ್ತ ಸುಮ್ಮನೆ ಬಂದವನು, ಕೊನೇ ಎಲೆ ಬಿದ್ದ ಕೂಡಲೇ ತಾನೇ ಮುಂದೆ ಬಿದ್ದು ಬೀಜ ತಳ್ಳಿದರೆ ಅದು ‘ಡಾಂಕ್ ಬೆಟ್’. ಡಾಂಕ್ ಅಂದರೆ ಡಾಂಕಿ. ಕತ್ತೆ ಪಣ ಅನ್ನಿ. ಹೆಸರು ಕೇಳಿದಾಗ ಎಲ್ಲರೂ ಮಾವನ ಕಡೆ ನೋಡಿದ್ದು ಕಾಕತಾಳೀಯ.

ಆದರೆ ಈಚೆಗೆ ಕಂಪ್ಯೂಟರುಗಳು ಲೆಕ್ಕ ಹಾಕಿ, ಕೊನೇ ಎಲೆ ಸುಮ್ಮನಿದ್ದವನಿಗೇ ಒಲಿದಂತಿದ್ದರೆ ಕತ್ತೆ ಪಣವೂ ಜಾಣತನವೇ ಅಂದಿವೆಯಂತೆ. ಸುಮ್ಮನಿದ್ದು ದಾರಿ ಬಿಟ್ಟರೆ ಎದುರಿನವನೂ ಸುಮ್ಮನಿದ್ದುಬಿಡುತ್ತಾನೆ, ಒಳ್ಳೇ ಎಲೆಗೆ ಗಿಟ್ಟಬೇಕಾದ್ದು ಗಿಟ್ಟುವುದಿಲ್ಲ. ತಮ್ಮ ಇದನ್ನೆಲ್ಲ ಓದಿಕೊಂಡಿದ್ದ. ಓದಿದ್ದೇ ತಪ್ಪಾಯಿತು.

ತಮ್ಮನ ಕೈಲಿ ಎಕ್ಕದ ಜೋಡಿ. ಸುತ್ತು ಸುತ್ತಿಗೂ ಬೀಜ ಏರಿಸಿದ. ಮಾವ ಅರೆಗಣ್ಣಲ್ಲೇ ಅಷ್ಟಕ್ಕಷ್ಟು ಎಣಿಸಿ ಹಾಕಿದರು. ಐದನೇ ಎಲೆ ಬಿತ್ತು, ಕಳಾವರ್. ನಡುವೆ ಅದು ಮೂರನೇ ಕಳಾವರ್. ಮಾವ ದಡಕ್ಕನೆ ಎದ್ದು ಕೂತು ರಾಶಿಗೆ ರಾಶಿಯನ್ನೇ ಎರಡೂ ಕೈಯಲ್ಲಿ ತಳ್ಳಿದರು.

ತಮ್ಮ ಕಾಲು ಗಂಟೆ ಯೋಚಿಸಿದ. ಕಣ್ಮುಚ್ಚಿ ಏನೋ ಗುಣಾಕಾರ ಭಾಗಾಕಾರ ಮಾಡಿದ. ಇಷ್ಟು ಹೊತ್ತು ಸುಮ್ಮನಿದ್ದವರು ಈಗ ಮುಂದೆ ಬಿದ್ದಿದ್ದಾರೆ ಅಂದರೆ ಕೈಲಿ ಎರಡು ಕಳಾವರ್ ಗ್ಯಾರಂಟಿ ಅಂತ ತೀರ್ಮಾನಿಸಿ, ಎಕ್ಕದ ಜೋಡಿ ಬಿಸಾಕಿದ.

ಮಾವನ ಎಲೆ ತಿರುಗಿಸಿ ನೋಡಿದೆವು. ಆಟಿನ್ ಏಳು, ಡೈಮಂಡ್ ಎರಡು. ಜೋಡಿಯೂ ಇಲ್ಲ, ಗೀಡಿಯೂ ಇಲ್ಲ.

“ಮಾವ, ಏನ್ ಧೈರ್ಯದ ಮೇಲೆ ತಳ್ಳಿದ್ರಿ?”

“ಧೈರ್ಯ ಎಲ್ಲಿ ಬಂತ್ಲಾ, ಬಾಡು ಬೆಂದ ವಾಸ್ನೆ ಬಂತು,” ಅಂದು ಪಂಚೆ ಕೊಡವಿಕೊಂಡು ಎದ್ದರು. ಪಂಕ್ತಿಯಲ್ಲಿ ಮೊದಲನೇ ಎಲೆ ಅವರದೇ.