‘ಇಲ್ಲಿ ಕ್ಲಿಕ್ ಮಾಡಿ’ ಬೇಡ ರಾಯರೇ

ಏನ್ ರಾಯರೇ, ನಿಮ್ಮ ಮೊಮ್ಮಗಳು ವೆಬ್ ಪುಟ ಬರೆಯೋ ಎಚ್‌ಟಿಎಂಎಲ್ ಕಲೀತಿದ್ದಾಳಂತೆ? ಬಹಳ ಸಂತೋಷ ಆಯ್ತು. ಕೊಂಡಿ, ಅಂದ್ರೆ ಲಿಂಕ್, ಹಾಕೋದು ಬಂತಾ ಕೇಳಿ. ಕೊಂಡಿಗಳೇ ಇಲ್ಲದಿದ್ದರೆ ವೆಬ್ ಅನ್ನೋದೇ ಇಲ್ಲ ನೋಡಿ.

ಕಷ್ಟವೇನಿಲ್ಲ. ಕೋನದ ಆವರಣದೊಳಗೆ ‘ಎ’ ಅಂತ ಒಂದೇ ಅಕ್ಷರ, ಚೂರು ಜಾಗ ಬಿಟ್ಟು ‘ಎಚ್‌ರೆಫ್’, ಸಮ ಚಿಹ್ನೆ, ಆಮೇಲೆ ಉದ್ಧರಣ ಚಿಹ್ನೆಗಳ ನಡುವೆ ಹೋಗಬೇಕಾದ ವಿಳಾಸ. ಆವರಣ ಮುಚ್ಚಿ, ಓದುವವರಿಗೆ ಕಾಣೋ ಮಾತು ಬರೆದು, ಕೊನೆಗೆ ಇನ್ನೊಂದು ಆವರಣದಲ್ಲಿ ಓರೆಗೆರೆ ಜೊತೆ ‘ಎ’ ಇಟ್ಟರೆ ಮುಗೀತು. ಈ ಕೊನೇ ತುಂಡು ಮರೆತರೆ ಮುಂದಿನ ಸಾಲುಗಳೂ ಕೊಂಡಿಯಾಗಿ ಕೂತುಬಿಡ್ತವೆ! ಬೇರೆಯವರ ತಾಣಕ್ಕೆ ಕೊಂಡಿ ಹಾಕುವಾಗ ವಿಳಾಸದ ಮೊದಲಿರೋ ‘ಎಚ್‌ಟಿಟಿಪಿಎಸ್’ ಬಿಡಬಾರದು. ಬಿಟ್ಟರೆ ಬ್ರೌಸರು ಅದನ್ನ ನಮ್ಮ ತಾಣದ್ದೇ ಫೈಲು ಅಂದ್ಕೊಂಡು ಹುಡುಕುತ್ತೆ, ಸಿಗದೆ 404 ಅನ್ನುತ್ತೆ.

ನನಗೆ ಇದರಲ್ಲಿ ಬಹಳ ಹಿಡಿಸೋದು ಅಂದ್ರೆ, ಕೊಂಡಿ ಹಾಕೋಕೆ ಯಾರ ಅಪ್ಪಣೆಯೂ ಬೇಡ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್ಬಿನ ಯೋಜನೆ ಬರೆದುಕೊಟ್ಟರಲ್ಲ, ಅದಕ್ಕೂ ಮೊದಲೇ ಅಮೆರಿಕದ ಟೆಡ್ ನೆಲ್ಸನ್ ಎರಡೂ ಕಡೆಯಿಂದ ಕೂಡಿಕೊಳ್ಳೋ ಕೊಂಡಿ ಬೇಕು ಅಂತಿದ್ದರು. ಬರ್ನರ್ಸ್-ಲೀ ಮಾತ್ರ ಒಂದೇ ಕಡೆಯಿಂದ ಸಾಕು ಅಂದರು, ಅದಕ್ಕೇ ಆಚೆಯವರನ್ನ ಕೇಳಬೇಕಿಲ್ಲ. ಆಚೆಯವರು ಪುಟ ಅಳಿಸಿದರೆ ನಮ್ಮ ಕೊಂಡಿ ಸತ್ತುಹೋಗುತ್ತೆ, ನಿಜ. ಆಗಾಗ ಒತ್ತಿ ನೋಡಿ ಸರಿಮಾಡ್ಬೇಕು. ಆದರೂ ಯಾರನ್ನೂ ಕೇಳದೆ ಹಾಕಬಹುದಾಗಿತ್ತು ಅಂತಲೇ ಅಲ್ವೇ ವೆಬ್ ಇಷ್ಟು ಬೇಗ ಹಬ್ಬಿದ್ದು? 1993ರ ಏಪ್ರಿಲ್ 30ರಂದು ಸರ್ನ್ ವೆಬ್ಬಿನ ತಂತ್ರಾಂಶವನ್ನ ಕಾಸೂ ಕೇಳದೆ ಜಗತ್ತಿಗೇ ಬಿಟ್ಟುಕೊಟ್ಟಿತು. ದೊಡ್ಡ ಮನಸ್ಸು ಅಂದ್ರೆ ಅದು.

ಒಂದು ಮಾತು ಅವಳಿಗೆ ಹೇಳಲೇಬೇಕು ನೀವು. ‘ಇಲ್ಲಿ ಕ್ಲಿಕ್ ಮಾಡಿ’ ಅಂತ ಬರೆಯೋದು ಬೇಡ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಇಟ್ಕೊಂಡು ಎಷ್ಟೋ ಸಲ ಪುಟದ ಕೊಂಡಿಗಳನ್ನಷ್ಟೇ ಸಾಲಾಗಿ ಓದಿಸಿ ಕೇಳ್ತಾರೆ. ಪ್ರತಿಯೊಂದೂ ‘ಇಲ್ಲಿ, ಇಲ್ಲಿ’ ಅಂದರೆ ಅವರು ಯಾವುದನ್ನ ಒತ್ತಬೇಕು? ಬೋರ್ಡಿಲ್ಲದ ಬಸ್ಸು ಹತ್ತಿ ಅಂದ ಹಾಗಾಯ್ತು. ‘ಹತ್ತನೇ ತರಗತಿ ಫಲಿತಾಂಶ’ ಅಂತಲೋ ‘ಗ್ರಂಥಾಲಯದ ವೇಳೆ’ ಅಂತಲೋ ಆ ಮಾತನ್ನೇ ಕೊಂಡಿ ಮಾಡಲಿ. ಕಣ್ಣಿದ್ದವರಿಗೂ ಅದೇ ಅನುಕೂಲ. ಈಗಿನಿಂದಲೇ ಅಭ್ಯಾಸ ಮಾಡಿಸಿ ರಾಯರೇ, ಆಮೇಲೆ ತಿದ್ದೋದು ಕಷ್ಟ.