ಚಕ್ಕಣಿಗ

ಮದ್ಯದ ಜೊತೆಗೆ ನಂಚಿಕೊಳ್ಳುವ ತಿನಿಸಿಗೆ ಹಳಗನ್ನಡದಲ್ಲಿ ಚಕ್ಕಣವೆಂಬ ಹೆಸರಿದ್ದು, 941ರ ಸುಮಾರಿನ ಪಂಪನ ‘ವಿಕ್ರಮಾರ್ಜುನ ವಿಜಯ’ದ ಪಾನಗೋಷ್ಠಿಯಲ್ಲಿಯೇ ಅದು ಕಾಣಿಸಿಕೊಂಡಿದೆ; ಸಂಸ್ಕೃತದವರು ಅದನ್ನು ಉಪದಂಶವೆಂದರು; ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಬಾರುಗಳಲ್ಲಿ ಅದೇ ಪದಾರ್ಥವು ಮರಾಠಿಯ ನೆರೆಯಿಂದ ಚಕಣಾ ಎಂದೂ, ಇತ್ತೀಚಿನವರ ಬಾಯಲ್ಲಿ ಸೈಡ್ಸ್ ಎಂದೂ ಕರೆಯಿಸಿಕೊಳ್ಳುತ್ತದೆ. ತಿನಿಸಿಗೆ ಸಾವಿರ ವರ್ಷಗಳಲ್ಲಿ ಇಷ್ಟು ಹೆಸರುಗಳು ದೊರೆತರೂ, ಗೋಷ್ಠಿಯಲ್ಲಿ ಕೊನೆಯವರೆಗೂ ಕುಳಿತು, ಒಂದು ಹನಿಯನ್ನೂ ಮುಟ್ಟದೆ, ತಟ್ಟೆಯನ್ನು ಮಾತ್ರ ಬರಿದು ಮಾಡಿ ಏಳುವ ಮನುಷ್ಯನಿಗೆ ಒಂದು ಹೆಸರಿಲ್ಲದಿರುವುದು ಅನ್ಯಾಯವೇ ಸರಿ. ಇಲ್ಲಿ ಅವನನ್ನು ಚಕ್ಕಣಿಗನೆಂದು ಕರೆಯಲಾಗಿದೆ.

ಚಕ್ಕಣಿಗನು ಕುಡಿಯದಿರುವುದಕ್ಕೆ ಕಾರಣಗಳು ಹಲವು. ಒಬ್ಬನು ಪಂಢರಪುರದ ವಾರಿಗೆ, ಅಂದರೆ ವಿಠ್ಠಲನ ದರ್ಶನದ ಕಾಲ್ನಡಿಗೆಯ ಯಾತ್ರೆಗೆ, ಹೋಗಿಬಂದು ತುಳಸಿಯ ಮಾಲೆ ಧರಿಸಿದವನು, ಇನ್ನೊಬ್ಬನು ಪಿತ್ತದವನು, ಮತ್ತೊಬ್ಬನಿಗೆ ಅದರ ವಾಸನೆಯೇ ಸೇರದು. ಕಾರಣ ಯಾವುದಾದರೂ ಉತ್ತರ ಒಂದೇ: “ನಮಗ ಅದು ಆಗಿ ಬರಂಗಿಲ್ಲ.” ಈ ವಾಕ್ಯದ ‘ಅದು’ ಎಂಬ ಸರ್ವನಾಮವು ಗ್ಲಾಸಿನೊಳಗಿನ ದ್ರವಕ್ಕಷ್ಟೇ ಅನ್ವಯಿಸುತ್ತದೆಯೇ ಹೊರತು ಪಕ್ಕದ ಮಸಾಲಾ ಶೇಂಗಾಕ್ಕಾಗಲಿ, ಮಿರ್ಚಿ ಭಜಿಗಾಗಲಿ, ತತ್ತಿಯ ಬುರ್ಜಿಗಾಗಲಿ ಅನ್ವಯಿಸುವುದಿಲ್ಲವೆಂಬುದನ್ನು ಗೆಳೆಯರು ಮೊದಲ ದಿನ ಗಮನಿಸಿರುವುದಿಲ್ಲ. ಮಾಲೆ ಹಾಕಿದವನು ಮಾತ್ರ ಬುರ್ಜಿಯ ತಟ್ಟೆ ಬಂದಾಗ ಕುರ್ಚಿಯನ್ನು ಅರ್ಧ ಗೇಣು ಹಿಂದಕ್ಕೆ ಸರಿಸಿ, ಭಜಿಯ ತಟ್ಟೆ ಬಂದೊಡನೆ ಒಂದು ಗೇಣು ಮುಂದಕ್ಕೆ ಎಳೆದುಕೊಳ್ಳುತ್ತಾನೆ.

ಈ ಸೀಮೆಗೆ ಕುಡಿಯದವರ ಇತಿಹಾಸವೇನೂ ಹೊಸದಲ್ಲ. ಪಟವರ್ಧನರ ಜಮಖಂಡಿಯೂ ಘೋರ್ಪಡೆಯವರ ಮುಧೋಳವೂ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ಮರುವರ್ಷವೇ ಮುಂಬಯಿಯ ಪಾನನಿರೋಧ ಕಾಯ್ದೆ ಬಂದು, ಕಾಗದದ ಮೇಲಾದರೂ ಇಲ್ಲಿಯ ಪ್ರಜೆಗಳೆಲ್ಲರೂ ಚಕ್ಕಣಿಗರಾದರು, ಏಕೆಂದರೆ ಯಾವ ಸರಕಾರವೂ ಶೇಂಗಾವನ್ನು ನಿಷೇಧಿಸಿದ್ದಿಲ್ಲ. ಮುಂದೆ ನಿಷೇಧ ಸಡಿಲಿ, 1968ರ ಅಬಕಾರಿ ನಿಯಮಗಳು ಪರವಾನಗಿಗಳನ್ನು ವರ್ಗೀಕರಿಸಿದವು. ಇವುಗಳಲ್ಲಿ ಸಿ.ಎಲ್.-2 ಎಂದರೆ ಬಾಟಲಿ ಕೊಂಡು ಹೋಗುವ ಅಂಗಡಿ, ಅಲ್ಲಿ ಕುಳಿತು ಕುಡಿಯುವಂತಿಲ್ಲ, ಸಿ.ಎಲ್.-9 ಎಂದರೆ ಕುಳಿತು ತಿಂದು ಕುಡಿಯುವ ಬಾರ್ ಆಂಡ್ ರೆಸ್ಟೋರೆಂಟು. ಚಕ್ಕಣಿಗನ ಭೂಪಟದಲ್ಲಿ ಮೊದಲನೆಯದು ಇಲ್ಲವೇ ಇಲ್ಲ.

ಅವನ ಶಾಸ್ತ್ರವು ಪ್ರಕಟವಾಗುವುದು ಮಸಾಲಾ ಶೇಂಗಾದ ತಟ್ಟೆಯ ಮುಂದೆ. ಹುರಿದ ಶೇಂಗಾದ ಮೇಲೆ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಖಾರದಪುಡಿ, ಮೇಲೊಂದು ಲಿಂಬಿಹಣ್ಣಿನ ಹೋಳು ಹಿಂಡಿದ ಈ ಪದಾರ್ಥದ ಉದ್ದೇಶ ಹಸಿವು ತಣಿಸುವುದಲ್ಲ. ಉಪ್ಪು ಖಾರಗಳಿಂದ ನಾಲಗೆಯನ್ನು ಒಣಗಿಸಿ ಇನ್ನೊಂದು ಪೆಗ್ಗು ಹೇಳಿಸುವುದು. ಮಾಲೀಕನ ಈ ಲೆಕ್ಕ ನೂರು ಗಿರಾಕಿಗಳಲ್ಲಿ ತಪ್ಪದೆ, ಚಕ್ಕಣಿಗನೊಬ್ಬನಲ್ಲಿ ತಪ್ಪುತ್ತದೆ: ಅವನು ಅದೇ ಉಪ್ಪು, ಅದೇ ಖಾರ ತಿಂದು, ಅದೇ ಬಾಯಾರಿಕೆಯನ್ನು ಪುಕ್ಕಟೆ ನೀರಿನಿಂದ ತೀರಿಸಿಕೊಂಡು, ತಟ್ಟೆಯನ್ನು ಸಪ್ಲಾಯರನ ಕಡೆಗೆ ಎತ್ತಿ ತೋರಿಸುತ್ತಾನೆ. ಮೊದಲ ಪೆಗ್ಗಿನವರೆಗೆ ಅವನು ಸಂಯಮಿ. ಎರಡು ಕಾಳು ಬಾಯಿಗೆಸೆದು ಊರಿನ ಸುದ್ದಿ ಕೇಳುತ್ತಾನೆ. ಎರಡನೆಯದು ಇಳಿದು, ಗೆಳೆಯರ ದನಿ ಏರಿ, ಕೈಗಳು ತಟ್ಟೆಯನ್ನು ಮರೆತು ಗಾಳಿಯಲ್ಲಿ ವಾದಿಸತೊಡಗಿದ ಮೇಲೆ ಅವನ ಹೊತ್ತು ಶುರುವಾಗುತ್ತದೆ. ಆಗ ಮೇಜಿನ ನಡುವಿದ್ದ ತಟ್ಟೆಯು ಯಾರೂ ದೂಡದಂತೆ ತೋರುತ್ತಲೇ, ನೀರಿನ ಬಾಟಲಿಗೆ ಜಾಗ ಮಾಡುವ ನೆಪದಲ್ಲಿ ಒಮ್ಮೆ, ಮೊಬೈಲು ಇಡುವ ನೆಪದಲ್ಲಿ ಇನ್ನೊಮ್ಮೆ ಸರಿದು, ಅವನ ಎದೆಯ ಮುಂದೆ ಬಂದು ನೆಲೆ ನಿಲ್ಲುತ್ತದೆ. ಮುಧೋಳದ ರನ್ನನು ತನ್ನ ‘ಗದಾಯುದ್ಧ’ಕ್ಕೆ ಭೀಮನನ್ನು ನಾಯಕನನ್ನಾಗಿ ಆರಿಸಿಕೊಂಡದ್ದನ್ನೂ, ಬಕಾಸುರನಿಗೆಂದು ಹೇರಿದ ಬಂಡಿಯ ಅನ್ನವನ್ನು ಅದೇ ಭೀಮನು ತಾನೇ ಉಂಡು ಮುಗಿಸಿದ್ದನ್ನೂ ಒಟ್ಟಿಗೆ ನೆನೆದರೆ, ಇನ್ನೊಬ್ಬರಿಗೆಂದು ಬಂದದ್ದನ್ನು ತಿನ್ನುವ ಈ ವಿದ್ಯೆಗೆ ಇಲ್ಲಿ ಕುಲೀನ ಪರಂಪರೆಯೇ ಇದೆಯೆನ್ನಬಹುದು.

ಊರಿಂದೂರಿಗೆ ಚಕ್ಕಣಿಗನ ಋತುಮಾನ ಬೇರೆ. ರಬಕವಿ-ಬನಹಟ್ಟಿಯಲ್ಲಿ ಅದು ಮಗ್ಗದ ಬಟವಡೆಯ, ಅಂದರೆ ಕೂಲಿ ಹಂಚಿಕೆಯ, ಸಂಜೆಗೆ ತೆರೆದುಕೊಳ್ಳುತ್ತದೆ. ಆಲಮಟ್ಟಿಯ ಹಿನ್ನೀರು ಹರಡಿದ ಬೀಳಗಿಯ ಕಡೆಗೆ ಹುರಿದ ಮೀನು ಶೇಂಗಾವನ್ನು ಹಿಂದಕ್ಕೆ ತಳ್ಳುತ್ತದೆ. ಮುಧೋಳ, ಜಮಖಂಡಿಗಳಲ್ಲಿ ಕಾರಖಾನೆಯಿಂದ ಕಬ್ಬಿನ ಬಿಲ್ಲು ಕೈಸೇರಿದ ವಾರವೇ ಸುಗ್ಗಿ. ಇಲ್ಲೊಂದು ವಿಪರ್ಯಾಸವೂ ಉಂಟು: ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ, ಅಂದರೆ ಕಪ್ಪನೆಯ ಪಾಕ, ಹುಳಿತು ಭಟ್ಟಿಯಿಳಿದು ಮದ್ಯಸಾರವಾಗುವುದರಿಂದ, ಹತ್ತು ಎಕರೆ ಕಬ್ಬು ಬೆಳೆದು ಸಾಗಿಸಿದ ಚಕ್ಕಣಿಗನು ಗೆಳೆಯರ ಗ್ಲಾಸಿಗೆ ಆಗಲೇ ತನ್ನ ಪಾಲು ಹಾಕಿರುತ್ತಾನೆ. ಪಟ್ಟಿ ಹಾಕುವಾಗ, ಅಂದರೆ ಖರ್ಚನ್ನು ತಲೆಗೆ ಇಷ್ಟೆಂದು ಹಂಚಿಕೊಳ್ಳುವಾಗ, ಅವನು ಈ ವಾದ ಹೂಡಿದ್ದೂ ಉಂಟು. ಅದನ್ನು ಯಾರೂ ಒಪ್ಪಿದ್ದಿಲ್ಲ.

ಹಾಗೆಂದು ಅವನನ್ನು ಪರಾವಲಂಬಿಯೆಂದು ತೀರ್ಮಾನಿಸುವುದು ಅವಸರವಾದೀತು. ಮೋಟಾರು ವಾಹನ ಕಾಯ್ದೆಯು ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವನ್ನು ಸಹಿಸದಿರುವುದರಿಂದ, ಗಾಡಿಯ ಕೀಲಿ ರಾತ್ರಿ ಹತ್ತಕ್ಕೆ ತಾನಾಗಿ ಅವನ ಕೈಗೆ ಬರುತ್ತದೆ. ಒಂದೇ ಕಥೆಯನ್ನು ಒಬ್ಬನೇ ಗೆಳೆಯನಿಂದ ನಾಲ್ಕು ಸಲ ಕೇಳಿ ನಾಲ್ಕು ಸಲವೂ “ಹೌದೇನೋ!” ಎನ್ನುವವನು ಅವನೇ, ಬರದ ಆಮ್ಲೆಟ್ಟು ಬಿಲ್ಲಿನಲ್ಲಿ ಸೇರಿದ್ದನ್ನು ಹಿಡಿಯುವವನೂ ಅವನೇ. ಯಾರು ಅತ್ತರು, ಯಾರು ಯಾರಿಗೆ ಸಾಲ ಕೊಡುವೆನೆಂದು ಮಾತು ಕೊಟ್ಟರು ಎಂಬ ದಾಖಲೆಯೆಲ್ಲ ಅವನ ತಲೆಯಲ್ಲಿ ಉಳಿಯುತ್ತದೆ. ಮರುದಿನ ಮುಂಜಾನೆ ಗೆಳೆಯರು ಅವನಿಗೆ ಚಹಾ ಕುಡಿಸುವುದು ಪ್ರೀತಿಯಿಂದಲೋ, ಆ ದಾಖಲೆಯ ಭಯದಿಂದಲೋ ಎಂಬುದು ಚರ್ಚಾರ್ಹ.

ಇಷ್ಟೆಲ್ಲ ಅನುಭವವಿದ್ದೂ ಮನೆಯಲ್ಲಿ ಅವನ ಶಾಸ್ತ್ರ ನಡೆಯುವುದಿಲ್ಲ. ಹೆಂಡತಿ ತಾಜಾ ಎಣ್ಣೆಯಲ್ಲಿ, ಹೊಲದ ಶೇಂಗಾದಿಂದಲೇ, ಅದೇ ಮಸಾಲೆ ಮಾಡಿಕೊಟ್ಟರೂ ಅದಕ್ಕೆ ಬಾರಿನ ಮಬ್ಬುಬೆಳಕಿನ ರುಚಿ ಬಾರದೆ, ಅವನು ನಾಲ್ಕು ಕಾಳಿಗೆ ಕೈ ತೊಳೆದುಕೊಳ್ಳುತ್ತಾನೆ; ಇದು ಆಕೆಯ ಸಂಶಯಕ್ಕೆ ಮೊದಲ ಸಾಕ್ಷಿ. ಗೆಳೆಯರ ಹೆಂಡಂದಿರು ಫಲಿತಾಂಶ ಗೊತ್ತಿರುವುದರಿಂದ ಪರೀಕ್ಷೆಯನ್ನೇ ಕೈಬಿಟ್ಟಿದ್ದಾರೆ. ಬಾಗಿಲಲ್ಲಿ ತಡೆದು ನಿಲ್ಲಿಸಿ, “ಎಲ್ಲಿ, ಒಂದ್ಸಲ ಹಾ ಅನ್ರಿ” ಎನಿಸಿಕೊಳ್ಳುವವನು ಇಡೀ ಗುಂಪಿನಲ್ಲಿ ಚಕ್ಕಣಿಗನೊಬ್ಬನೇ. ಅವನು ನಿರಪರಾಧಿಯ ಧೈರ್ಯದಿಂದ ಬಾಯಿ ತೆರೆಯುತ್ತಾನೆ. ಅಂಗಿಯಿಂದ ಗೆಳೆಯರ ವಾಸನೆಯೂ ಬಾಯಿಂದ ಮೂರು ತಟ್ಟೆಯ ಹಸಿ ಉಳ್ಳಾಗಡ್ಡಿಯ ಘಾಟೂ ಒಮ್ಮೆಗೇ ಹೊರಬಿದ್ದು, ಯಾವುದು ಯಾವುದೆಂದು ಬೇರ್ಪಡಿಸಲಾರದೆ ಆಕೆ ವಿಚಾರಣೆಯನ್ನು ಮುಂಜಾನೆಗೆ ಮುಂದೂಡುತ್ತಾಳೆ.